ಅಲ್ಲವೆಂಬುದರಿಂದ ಅಹುದೆಂಬುದಕ್ಕೆ



ಶ್ರೀಮಠದ ಮಾಸಪತ್ರಿಕೆಯಲ್ಲಿ ಶರಣರ ತತ್ತ್ವವನ್ನೋ ಧರ್ಮದ ಸೂಕ್ಷ್ಮವನ್ನೋ ಕುರಿತು ಓದಲೆಂದು ಕುಳಿತ ತಮ್ಮ ಮುಂದೆ ಮಕ್ಕಳ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಬಿಡಿಸಿಡುವುದು ಔಚಿತ್ಯವೆ ಎಂದು ಯಾರಿಗಾದರೂ ಅನಿಸಬಹುದು. ಆದರೆ ಅರಿವು ಯಾವ ಬಾಗಿಲಿನಿಂದ ಬಂದರೂ ಅರಿವೇ. ಹತ್ತು ವರುಷದ ಮಗುವೊಂದು ನಾಲ್ಕು ಚಿತ್ರಗಳ ಮುಂದೆ ಕುಳಿತು "ಇದು ಅಲ್ಲ, ಇದೂ ಅಲ್ಲ" ಎಂದು ಒಂದೊಂದನ್ನೇ ಬದಿಗೆ ಸರಿಸುತ್ತ ಸತ್ಯದ ಕಡೆಗೆ ಸಾಗುವಾಗ ಅದರ ಮನಸ್ಸಿನಲ್ಲಿ ನಡೆಯುವ ವ್ಯಾಪಾರ ಸಾಮಾನ್ಯವಾದುದಲ್ಲ. ಅದನ್ನು ಸರಿಯಾಗಿ ಕಲಿಸಿದರೆ ವಿವೇಕವಾಗುತ್ತದೆ. ತಪ್ಪಾಗಿ ಕಲಿಸಿದರೆ ಕುಯುಕ್ತಿಯಾಗುತ್ತದೆ. ಇವೆರಡರ ನಡುವಣ ಗೆರೆ ಎಲ್ಲಿದೆ ಎಂಬುದೇ ಈ ಲೇಖನದ ವಿಷಯ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ಭಾನುವಾರಗಳಂದು ಮಕ್ಕಳಿಗೆ ಇಂತಹ ಪ್ರಶ್ನೆಗಳನ್ನು ಬಿಡಿಸಲು ಹೇಳಿಕೊಡುತ್ತ ಬಂದಿರುವುದರಿಂದ, ಕಂಡುದನ್ನು ಕಂಡಂತೆ ತಮ್ಮಲ್ಲಿ ನಿವೇದಿಸಬಲ್ಲೆನೆಂಬ ಧೈರ್ಯ ನನಗಿದೆ.

ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪ ಕುರುಗೋಡು ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ, ಐದನೆಯ ತರಗತಿಯ ಮಗುವಿರುವ ಎಷ್ಟೋ ಮನೆಗಳಲ್ಲಿ ವರ್ಷದಲ್ಲಿ ಕೆಲವು ತಿಂಗಳು "ನವೋದಯ" ಎಂಬ ಒಂದೇ ಮಾತು ಕೇಳಿಬರುತ್ತದೆ. ಜವಾಹರ ನವೋದಯ ವಿದ್ಯಾಲಯಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲ. ಮುಖ್ಯವಾಗಿ ಗ್ರಾಮೀಣ ಪ್ರದೇಶದ ಪ್ರತಿಭಾವಂತ ಮಕ್ಕಳಿಗೆ ಊಟ ವಸತಿಗಳೊಡನೆ ಉತ್ತಮ ಶಿಕ್ಷಣವನ್ನು ಕೊಡುವುದು ಇವುಗಳ ಉದ್ದೇಶ. ಒಂದು ವಿದ್ಯಾಲಯದಲ್ಲಿ ಆರನೆಯ ತರಗತಿಗೆ ಹೆಚ್ಚೆಂದರೆ 80 ಮಕ್ಕಳಿಗೆ ಪ್ರವೇಶ. ಅದರಲ್ಲಿ ಕನಿಷ್ಠ ನೂರಕ್ಕೆ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ. ಅವಿಭಜಿತ ಬಳ್ಳಾರಿ ಜಿಲ್ಲೆಗೆ ದೊರೆತ ನವೋದಯ ವಿದ್ಯಾಲಯವು ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿದೆ. 2021ರಲ್ಲಿ ಜಿಲ್ಲೆ ಎರಡಾದಾಗ ಆ ತಾಲ್ಲೂಕು ವಿಜಯನಗರ ಜಿಲ್ಲೆಗೆ ಸೇರಿತು.

ಈ ವಿದ್ಯಾಲಯಕ್ಕೆ ಸೇರಲು ಬರೆಯುವ ಆಯ್ಕೆ ಪರೀಕ್ಷೆಯಲ್ಲಿ 80 ಪ್ರಶ್ನೆಗಳು, 100 ಅಂಕಗಳು, ಎರಡು ಗಂಟೆಗಳ ಕಾಲಾವಕಾಶ. ಅಂದರೆ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ, ಒಂದು ಉತ್ತರಕ್ಕೆ ಒಂದೂಕಾಲು ಅಂಕ. ಗಣಿತಕ್ಕೆ 20, ಭಾಷೆಗೆ 20 ಪ್ರಶ್ನೆಗಳಾದರೆ ಉಳಿದ 40 ಪ್ರಶ್ನೆಗಳು ಮಾನಸಿಕ ಸಾಮರ್ಥ್ಯಕ್ಕೆ ಮೀಸಲು. ಈ ನಲವತ್ತೂ ಬರಿಯ ಚಿತ್ರಗಳು. ಗುಂಪಿಗೆ ಸೇರದ ಆಕೃತಿ ಯಾವುದು, ಅರ್ಧ ಬಿಟ್ಟ ವಿನ್ಯಾಸವನ್ನು ಪೂರ್ಣಗೊಳಿಸುವ ತುಂಡು ಯಾವುದು, ಕನ್ನಡಿಯಲ್ಲಿ ಕಾಣುವ ಬಿಂಬ ಯಾವುದು, ಮಡಿಸಿ ತೂತು ಹಾಕಿದ ಕಾಗದವನ್ನು ಬಿಡಿಸಿದರೆ ಹೇಗೆ ಕಾಣುತ್ತದೆ, ದೊಡ್ಡ ಆಕೃತಿಯ ಒಡಲಲ್ಲಿ ಅಡಗಿರುವ ಸಣ್ಣ ಆಕೃತಿ ಯಾವುದು - ಹೀಗೆ. ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳು, ಒಂದು ಮಾತ್ರ ಸರಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೆ ಈ ಪರೀಕ್ಷೆಯನ್ನು ಒಂದು ಮಗು ಜೀವನದಲ್ಲಿ ಒಮ್ಮೆ ಮಾತ್ರ ಬರೆಯಬಹುದು. ಎರಡನೆಯ ಸಲದ ಅವಕಾಶವಿಲ್ಲ. ಹತ್ತು ಹನ್ನೊಂದು ವರುಷದ ಎಳೆಯ ಹೆಗಲಿನ ಮೇಲೆ ಇದು ಎಂತಹ ಭಾರವೆಂಬುದನ್ನು ತಾವೇ ಊಹಿಸಿರಿ.

ಪದಗಳಿಲ್ಲದ ಈ ಬಗೆಯ ಪರೀಕ್ಷೆ ಎಲ್ಲಿಂದ ಬಂತು? ಅನೇಕ ಉತ್ತರಗಳಲ್ಲಿ ಒಂದನ್ನು ಆರಿಸುವ ಪದ್ಧತಿಯನ್ನು ಅಮೆರಿಕದ ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣತಜ್ಞರು 1915ರ ಸುಮಾರಿಗೆ ಓದುವ ಸಾಮರ್ಥ್ಯದ ಪರೀಕ್ಷೆಯಲ್ಲಿ ಬಳಕೆಗೆ ತಂದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಇಂಗ್ಲಿಷ್ ಓದಲು ಬಾರದ ಸೈನಿಕರಿಗಾಗಿ ಅದೇ ದೇಶದಲ್ಲಿ ಚಿತ್ರಗಳ ಪರೀಕ್ಷೆಯೊಂದು ಸಿದ್ಧವಾಯಿತು. ಇಂಗ್ಲೆಂಡಿನ ಜಾನ್ ರೇವನ್ ಅವರು 1938ರಲ್ಲಿ ಪ್ರಕಟಿಸಿದ ಆಕೃತಿಗಳ ಪರೀಕ್ಷೆ ಲೋಕಪ್ರಸಿದ್ಧವಾಯಿತು. ನಮ್ಮ ದೇಶದಲ್ಲಿಯೇ ಡಾ. ಭಾಟಿಯಾ ಅವರು ಮರದ ಬಿಲ್ಲೆ, ಆಕೃತಿಗಳಿಂದ ಕೂಡಿದ ಪರೀಕ್ಷೆಗಳನ್ನು ಭಾರತದ ಮಕ್ಕಳಿಗೆ, ಅದರಲ್ಲಿಯೂ ಅಕ್ಷರ ಬಾರದವರಿಗೆ ಹೊಂದುವಂತೆ ರಚಿಸಿ 1955ರಲ್ಲಿ ಪ್ರಕಟಿಸಿದರು. ಇವೆಲ್ಲದರ ಹಿಂದಿದ್ದ ಆಶಯ ದೊಡ್ಡದು: ಚಿತ್ರಕ್ಕೆ ಭಾಷೆಯಿಲ್ಲ, ಜಾತಿಯಿಲ್ಲ, ಪಟ್ಟಣದ ಮಗುವೂ ಹಳ್ಳಿಯ ಮಗುವೂ ಅದರ ಮುಂದೆ ಸಮಾನರು. ಈ ಆಶಯ ಎಷ್ಟರ ಮಟ್ಟಿಗೆ ನಿಜವಾಯಿತೆಂಬುದನ್ನು ಮುಂದೆ ನೋಡೋಣ.

ಈಗ ವಿಧಾನಕ್ಕೆ ಬರೋಣ. ಸಿರುಗುಪ್ಪದ ಕಡೆಯವರಿಗೆ ನೆಲ್ಲು ತೂರುವುದನ್ನು ವಿವರಿಸಬೇಕಾಗಿಲ್ಲ. ತುಂಗಭದ್ರೆಯ ನೀರು ಕುಡಿದು ಬೆಳೆದ ನೆಲ್ಲು ಕಣಕ್ಕೆ ಬಂದಾಗ ಗಾಳಿ ನೋಡಿ ತೂರಿದರೆ ಜೊಳ್ಳು ಹಾರಿ ದೂರ ಬೀಳುತ್ತದೆ, ಗಟ್ಟಿ ಕಾಲ ಬುಡದಲ್ಲಿ ಉಳಿಯುತ್ತದೆ. ಉತ್ತರಗಳನ್ನು ತೊಡೆಯುವುದೂ ಹಾಗೆಯೇ. ನಾಲ್ಕರಲ್ಲಿ ಯಾವುದು ಸರಿಯೆಂದು ತಕ್ಷಣ ತೋರದಿದ್ದರೂ ಯಾವುದು ಸರಿಯಾಗಿರಲು ಸಾಧ್ಯವೇ ಇಲ್ಲವೆಂಬುದು ಹಲವು ಸಲ ಬೇಗ ತೋರುತ್ತದೆ. ಇದರ ಲೆಕ್ಕವನ್ನೂ ನೋಡಿರಿ. ಒಂದು ಮಗುವಿಗೆ ಹನ್ನೆರಡು ಪ್ರಶ್ನೆಗಳು ತಿಳಿಯಲಿಲ್ಲವೆಂದಿಟ್ಟುಕೊಳ್ಳೋಣ. ಕಣ್ಣು ಮುಚ್ಚಿ ಬೆರಳಿಟ್ಟರೆ ಸರಾಸರಿಯಲ್ಲಿ ಮೂರು ಸರಿಯಾಗುತ್ತವೆ, ದೊರೆಯುವುದು 3.75 ಅಂಕ. ಪ್ರತಿಯೊಂದರಲ್ಲಿಯೂ ಅಸಾಧ್ಯವಾದ ಎರಡನ್ನು ತೊಡೆದು ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಆರು ಸರಿಯಾಗುತ್ತವೆ, ದೊರೆಯುವುದು 7.5 ಅಂಕ. ನೂರಾರು ಮಕ್ಕಳು ಒಂದೊಂದು ಅಂಕದ ಅಂತರದಲ್ಲಿ ನಿಂತಿರುವ ಕಡೆ ಈ ವ್ಯತ್ಯಾಸ ಒಂದು ಬಾಳಿನ ದಾರಿಯನ್ನೇ ಬದಲಿಸಬಲ್ಲದು.

ಆದರೆ ತೊಡೆಯುವುದಕ್ಕೆ ಕಾರಣ ಬೇಕು. ಕಾರಣವಿಲ್ಲದೆ ತೊಡೆದರೆ ಗಾಳಿಯಿಲ್ಲದ ಹೊತ್ತಿನಲ್ಲಿ ತೂರಿದಂತೆ. ಜೊಳ್ಳೂ ಗಟ್ಟಿಯೂ ಒಂದೇ ರಾಶಿಗೆ ಬೀಳುತ್ತವೆ. ಮೂರು ಬಗೆಯ ಪ್ರಶ್ನೆಗಳನ್ನು ತೆಗೆದುಕೊಂಡು ಇದನ್ನು ವಿವರಿಸುತ್ತೇನೆ.

ಮೊದಲನೆಯದು ಕನ್ನಡಿಯ ಬಿಂಬ. ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನ ಮಾಡಿದವರು ನೆನಪಿಸಿಕೊಳ್ಳಿರಿ. ಆ ಬೃಹತ್ ಏಕಶಿಲಾ ಬಸವಣ್ಣನ ಎದುರು ನಿಂತಾಗ ಅವನ ಎಡಗಿವಿ ನಮ್ಮ ಬಲಕ್ಕಿರುತ್ತದೆ. ಆದರೆ ಕನ್ನಡಿಯ ಎದುರು ನಿಂತಾಗ ನಮ್ಮ ಎಡಗಿವಿಯ ಬಿಂಬ ನಮ್ಮ ಎಡಕ್ಕೇ ಇರುತ್ತದೆ. ಎದುರಿಗಿರುವವನು ನಮ್ಮ ಕಡೆಗೆ ತಿರುಗಿ ಕುಳಿತವನು; ಕನ್ನಡಿಯೊಳಗಿನವನು ತಿರುಗಿದವನಲ್ಲ, ಮಗುಚಿದವನು. ತಿರುಗುವುದು ಬೇರೆ, ಮಗುಚುವುದು ಬೇರೆ ಎಂಬ ಈ ಒಂದು ತಿಳಿವಳಿಕೆ ಬಂದರೆ ಅರ್ಧ ಕೆಲಸ ಮುಗಿಯಿತು. ಪ್ರಶ್ನೆಯಲ್ಲಿ ಕನ್ನಡಿಯನ್ನು ಆಕೃತಿಯ ಬಲಬದಿಗೆ ನಿಲ್ಲಿಸಿದ್ದರೆ ಮೇಲಿನದು ಮೇಲೆಯೇ, ಕೆಳಗಿನದು ಕೆಳಗೇ ಉಳಿಯಬೇಕು. ಆದುದರಿಂದ ತಲೆಕೆಳಗಾಗಿರುವ ಉತ್ತರಗಳನ್ನೆಲ್ಲ ನಿಸ್ಸಂದೇಹವಾಗಿ ತೊಡೆಯಬಹುದು. ಅನಂತರ ಕನ್ನಡಿಗೆ ಅತ್ಯಂತ ಸಮೀಪದಲ್ಲಿರುವ ಒಂದೇ ಒಂದು ಗುರುತನ್ನು ಹಿಡಿದುಕೊಳ್ಳಬೇಕು. ಅದು ಬಿಂಬದಲ್ಲಿಯೂ ಕನ್ನಡಿಗೆ ಸಮೀಪದಲ್ಲಿಯೇ ಇರಬೇಕು. ಹಾಗಿಲ್ಲದ ಉತ್ತರ ಬಿದ್ದುಹೋಯಿತು. ಇಡೀ ಆಕೃತಿಯನ್ನು ಒಮ್ಮೆಗೇ ಮನಸ್ಸಿನಲ್ಲಿ ಹೊತ್ತುಕೊಳ್ಳುವ ಶ್ರಮವಿಲ್ಲದೆ, ಎರಡು ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಒಂದೇ ಉಳಿಯುತ್ತದೆ.

ಎರಡನೆಯದು ಮಡಿಸಿದ ಕಾಗದ. ಒಂದು ಚೌಕ ಕಾಗದವನ್ನು ಬಲದಿಂದ ಎಡಕ್ಕೆ ಅರ್ಧ ಮಡಿಸಿರಿ. ಮತ್ತೆ ಮೇಲಿನಿಂದ ಕೆಳಕ್ಕೆ ಅರ್ಧ ಮಡಿಸಿರಿ. ಈಗ ಕೈಯಲ್ಲಿರುವುದು ನಾಲ್ಕು ಪದರ. ಮಡಿಕೆಗಳು ಕೂಡುವ ಮೂಲೆಯ ಹತ್ತಿರ ಒಂದು ತೂತು ಹಾಕಿ ಬಿಡಿಸಿದರೆ ಹೇಗೆ ಕಾಣುತ್ತದೆ? ಉತ್ತರಗಳಲ್ಲಿ ಮೊದಲನೆಯದರಲ್ಲಿ ಎರಡು ತೂತುಗಳಿವೆ. ಎರಡನೆಯದರಲ್ಲಿ ನಾಲ್ಕು ಮೂಲೆಗಳಲ್ಲಿ ನಾಲ್ಕು. ಮೂರನೆಯದರಲ್ಲಿ ನಡುವೆ ಗುಂಪಾಗಿ ನಾಲ್ಕು. ನಾಲ್ಕನೆಯದರಲ್ಲಿ ಒಂದೇ ಸಾಲಿನಲ್ಲಿ ನಾಲ್ಕು. ನಾಲ್ಕು ಪದರಗಳಿಗೆ ಒಂದು ಸಲ ಚುಚ್ಚಿದರೆ ತೂತುಗಳು ನಾಲ್ಕೇ ಆಗಬೇಕು; ಆದುದರಿಂದ ಮೊದಲನೆಯದು ಹೋಯಿತು. ಎರಡು ಮಡಿಕೆಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ತೂತುಗಳು ಎಡಬಲಕ್ಕೂ ಮೇಲೆ ಕೆಳಕ್ಕೂ ಜೋಡಿಯಾಗಿ ನಿಲ್ಲಬೇಕು, ಒಂದೇ ಸಾಲಿನಲ್ಲಿ ಬರಲಾರವು, ನಾಲ್ಕನೆಯದು ಹೋಯಿತು. ಮಡಿಕೆಗಳು ಕೂಡುವ ಮೂಲೆಯೆಂದರೆ ಬಿಡಿಸಿದ ಕಾಗದದ ನಡುಭಾಗ, ಅಂಚಲ್ಲ, ಎರಡನೆಯದು ಹೋಯಿತು. ಉಳಿದುದು ಮೂರನೆಯದು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಎಣಿಸಬೇಕಾದುದು ಮಡಿಕೆಗಳನ್ನಲ್ಲ, ತೂತು ಬಿದ್ದ ಸ್ಥಳದಲ್ಲಿರುವ ಪದರಗಳನ್ನು. ಒಂದು ಮೂಲೆಯನ್ನು ಮಾತ್ರ ಒಳಕ್ಕೆ ಮಡಿಸಿ, ಆ ಮಡಿಕೆ ಮುಟ್ಟದ ಕಡೆ ತೂತು ಹಾಕಿದರೆ ಒಂದೇ ತೂತು. ಸೂತ್ರವನ್ನು ಬಾಯಿಪಾಠ ಮಾಡಿದ ಮಗು ಇಲ್ಲಿ ಸರಿಯಾದ ಉತ್ತರವನ್ನೇ ತೊಡೆದುಹಾಕುತ್ತದೆ. ಕಾಗದವನ್ನು ಕೈಯಲ್ಲಿ ಮಡಿಸಿ ಬಲ್ಲ ಮಗು ಹಾಗೆ ಮಾಡುವುದಿಲ್ಲ.

ಮೂರನೆಯದು ಘನದ ಪ್ರಶ್ನೆ. ಇದು ಹೈಸ್ಕೂಲು ಮಟ್ಟದ ಹಾಗೂ ಉದ್ಯೋಗದ ಪರೀಕ್ಷೆಗಳಲ್ಲಿ ಹೆಚ್ಚು. ಒಂದು ಸಾಲಿನಲ್ಲಿ 1, 2, 3, 4 ಎಂದು ನಾಲ್ಕು ಚೌಕಗಳು. 2ರ ಮೇಲೆ 5, 2ರ ಕೆಳಗೆ 6. ಅಂಕಿಗಳು ಹೊರಗೆ ಕಾಣುವಂತೆ ಇದನ್ನು ಮಡಿಸಿ ಪೆಟ್ಟಿಗೆ ಮಾಡಿದರೆ ಯಾವ ನೋಟ ಸಾಧ್ಯ? ಸಾಲಿನಲ್ಲಿ ಒಂದನ್ನು ಬಿಟ್ಟು ಒಂದು ಚೌಕ ಎದುರುಬದುರಾಗುತ್ತದೆ: 1ಕ್ಕೆ 3 ಎದುರು, 2ಕ್ಕೆ 4 ಎದುರು, 5ಕ್ಕೆ 6 ಎದುರು. ಎದುರುಬದುರು ಮುಖಗಳು ಒಂದೇ ನೋಟದಲ್ಲಿ ಕಾಣಲಾರವು. ಆದುದರಿಂದ 1, 3, 5 ಒಟ್ಟಿಗೆ ಕಾಣುವ ಚಿತ್ರ ಸುಳ್ಳು; 2, 4, 6 ಒಟ್ಟಿಗೆ ಕಾಣುವ ಚಿತ್ರವೂ ಸುಳ್ಳು. ಉಳಿದವು ಎರಡು. ಒಂದರಲ್ಲಿ 5 ಮೇಲೆ, 2 ಎಡಮುಖದಲ್ಲಿ, 3 ಬಲಮುಖದಲ್ಲಿ. ಇನ್ನೊಂದರಲ್ಲಿ 5 ಮೇಲೆ, 3 ಎಡಮುಖದಲ್ಲಿ, 2 ಬಲಮುಖದಲ್ಲಿ. ತೊಡೆಯುವ ಸೂತ್ರ ಇಲ್ಲಿಗೆ ನಿಂತುಬಿಡುತ್ತದೆ. ಮುಂದೆ ಮನಸ್ಸಿನಲ್ಲಿಯೇ ಪೆಟ್ಟಿಗೆಯನ್ನು ಮಡಿಸಿ ನೋಡಬೇಕು: 2 ನನ್ನ ಎದುರಿಗಿದೆ, 5 ಮೇಲಕ್ಕೆ ಮುಚ್ಚಿಕೊಂಡಿತು, 3 ನನ್ನ ಬಲಕ್ಕೆ ತಿರುಗಿತು. ಆದುದರಿಂದ 2ರ ಬಲಕ್ಕೆ 3 ಇರುವ ಮೊದಲನೆಯ ಚಿತ್ರವೇ ಸರಿ. ಇನ್ನೊಂದು ಅದರ ಕನ್ನಡಿಯ ಬಿಂಬ. ವಾಚಕರೇ, ಈ ಪ್ರಶ್ನೆಯನ್ನು ನಾನು ಬೇಕೆಂದೇ ಆರಿಸಿಕೊಂಡೆ. ತೊಡೆಯುವ ವಿಧಾನ ನಮ್ಮನ್ನು ಬಾಗಿಲ ತನಕ ಕರೆದೊಯ್ಯುತ್ತದೆ. ಹೊಸಿಲು ದಾಟಬೇಕಾದವರು ನಾವೇ.

ಮನಶ್ಶಾಸ್ತ್ರಜ್ಞರ ಅನುಭವವೂ ಇದನ್ನೇ ಹೇಳುತ್ತದೆ. ಶೆಪರ್ಡ್ ಮತ್ತು ಮೆಟ್ಜ್ಲರ್ ಎಂಬ ವಿದ್ವಾಂಸರು 1971ರಲ್ಲಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಒಂದೇ ವಸ್ತುವನ್ನು ಎರಡು ಕೋನಗಳಿಂದ ತೋರಿಸಿದಾಗ ಎರಡೂ ಒಂದೇ ಎಂದು ಗುರುತಿಸಲು ಬೇಕಾಗುವ ಕಾಲವು, ನಡುವಣ ಕೋನ ಹೆಚ್ಚಿದಂತೆಲ್ಲ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಅಂದರೆ ಮನಸ್ಸು ವಸ್ತುವನ್ನು ನಿಜವಾಗಿಯೂ ಕೈಯಲ್ಲಿ ಹಿಡಿದಂತೆ ಮೆಲ್ಲಮೆಲ್ಲನೆ ತಿರುಗಿಸಿ ನೋಡುತ್ತದೆ. ಮುಂದೆ 1984ರಲ್ಲಿ ಬೆಥೆಲ್-ಫಾಕ್ಸ್, ಲೋಮನ್ ಮತ್ತು ಸ್ನೋ ಎಂಬವರು ಚಿತ್ರಗಳ ಪ್ರಶ್ನೆ ಬಿಡಿಸುವವರ ಕಣ್ಣಿನ ಚಲನೆಯನ್ನು ಅಳೆದು ಎರಡು ದಾರಿಗಳನ್ನು ಗುರುತಿಸಿದರು. ಕೆಲವರು ಮೊದಲು ಉತ್ತರವನ್ನು ತಾವೇ ಮನಸ್ಸಿನಲ್ಲಿ ಕಟ್ಟಿಕೊಂಡು ಅನಂತರ ಪಟ್ಟಿಯಲ್ಲಿ ಹುಡುಕುತ್ತಾರೆ. ಕೆಲವರು ಪಟ್ಟಿಗೇ ಹೋಗಿ ಒಂದೊಂದನ್ನು ಹೋಲಿಸಿ ತೊಡೆಯುತ್ತಾರೆ. ಬಲ್ಲವರು ಹೆಚ್ಚಾಗಿ ಮೊದಲ ದಾರಿಯನ್ನು ಹಿಡಿಯುತ್ತಾರೆ. ಪ್ರಶ್ನೆ ಕಠಿಣವಾದಾಗ ಎರಡನೆಯದಕ್ಕೆ ತಿರುಗುತ್ತಾರೆ. ಆದುದರಿಂದಲೇ ಮಕ್ಕಳಿಗೆ ನಾನು ಹೇಳುವ ಕ್ರಮ ಹೀಗಿದೆ: ಮೊದಲು ನಾಲ್ಕು ಉತ್ತರಗಳನ್ನೂ ಅಂಗೈಯಿಂದ ಮುಚ್ಚಿರಿ. ಪ್ರಶ್ನೆಯನ್ನಷ್ಟೇ ನೋಡಿ ಉತ್ತರವನ್ನು ಮನಸ್ಸಿನಲ್ಲಿ ಬರೆಯಿರಿ. ಅನಂತರ ಕೈ ತೆಗೆಯಿರಿ. ನೀವು ಬರೆದುದು ಅಲ್ಲಿದ್ದರೆ ಸಂತೋಷ. ಮನಸ್ಸಿನಲ್ಲಿ ಏನೂ ಮೂಡದಿದ್ದರೆ ಆಗ ತೂರಲು ತೊಡಗಿರಿ.

ಇನ್ನು ಕುಯುಕ್ತಿಯ ಮಾತು. ಪರೀಕ್ಷೆಯ ತಯಾರಿಯನ್ನು ವ್ಯಾಪಾರವಾಗಿ ಮಾಡಿಕೊಂಡಿರುವ ಕೆಲವು ಕಡೆಗಳಲ್ಲಿ ಮಕ್ಕಳಿಗೆ ಬೇರೊಂದು ಬಗೆಯ ತೊಡೆಯುವಿಕೆಯನ್ನು ಕಲಿಸುತ್ತಾರೆ. ಪ್ರಶ್ನೆಯನ್ನು ನೋಡಲೇಬೇಡ, ಉತ್ತರಗಳನ್ನಷ್ಟೇ ನೋಡು. ಪ್ರಶ್ನೆ ತೆಗೆಯುವವನು ಸರಿಯಾದ ಉತ್ತರವನ್ನೇ ಸ್ವಲ್ಪ ಸ್ವಲ್ಪ ಕೆಡಿಸಿ ಉಳಿದ ಮೂರನ್ನು ಮಾಡಿರುತ್ತಾನೆ. ಆದುದರಿಂದ ಉಳಿದವುಗಳೊಡನೆ ಹೆಚ್ಚು ಹೋಲುವುದೇ ಸರಿ - ಇದು ಅವರ ಬೋಧೆ. ಕೆಲವು ಸಲ ಇದು ಫಲಿಸುತ್ತದೆಂಬುದು ಸುಳ್ಳಲ್ಲ. ಆದರೆ ಇಲ್ಲಿ ಮಗು ಓದುತ್ತಿರುವುದು ಆಕೃತಿಯನ್ನಲ್ಲ, ಪ್ರಶ್ನೆ ತೆಗೆದವನ ಅಭ್ಯಾಸವನ್ನು. ಮೊದಲ ಬಗೆಯಲ್ಲಿ "ಇದು ಏಕೆ ಅಲ್ಲ?" ಎಂದು ಕೇಳಿದರೆ ಮಗು ಕಾರಣ ಹೇಳಬಲ್ಲದು: ಪದರ ಎಣಿಸಿದೆ, ಎದುರು ಮುಖ ಕಂಡೆ. ಎರಡನೆಯ ಬಗೆಯಲ್ಲಿ ಕಾರಣವೇ ಇಲ್ಲ. ಇರುವುದು ಸಂಶಯದ ಜಾಣತನ. ನಾನು ಹಾಕಿಕೊಂಡಿರುವ ಗೆರೆ ಇಷ್ಟೇ: ತೊಡೆದ ಪ್ರತಿಯೊಂದು ಉತ್ತರಕ್ಕೂ ಆಕೃತಿಯೊಳಗಿನಿಂದಲೇ ಒಂದು ಕಾರಣ ಹೇಳಬಲ್ಲೆಯಾದರೆ ಅದು ಅರಿವು; ಹೇಳಲಾರೆಯಾದರೆ ಅದು ಜೂಜು. ಅಂಕಕ್ಕೆ ಎರಡೂ ಒಂದೇ ಆಗಿರಬಹುದು, ಮಗುವಿಗೆ ಒಂದೇ ಅಲ್ಲ. ಮೊದಲನೆಯದನ್ನು ಕಲಿತವನು ನಾಳೆ ಯಂತ್ರ ಬಿಚ್ಚಿ ದೋಷ ಹುಡುಕಬಲ್ಲ, ರೋಗಿಯ ಲಕ್ಷಣಗಳನ್ನು ಕಂಡು ಇದಲ್ಲ ಅದಲ್ಲವೆಂದು ಮೂಲಕ್ಕೆ ಮುಟ್ಟಬಲ್ಲ. ಎರಡನೆಯದನ್ನು ಕಲಿತವನ ವಿದ್ಯೆ ಪ್ರಶ್ನೆಪತ್ರಿಕೆಯ ಕೊನೆಯ ಪುಟಕ್ಕೇ ಮುಗಿಯಿತು.

ಚಿತ್ರಗಳ ಮುಂದೆ ಎಲ್ಲರೂ ಸಮಾನರೆಂಬ ಆಶಯವನ್ನು ಈಗ ಪರಿಶೀಲಿಸೋಣ. ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸರು 1987ರಲ್ಲಿ 14 ದೇಶಗಳ ಅಂಕಿ ಅಂಶಗಳನ್ನು ತೋರಿಸಿ, ಒಂದೊಂದು ತಲೆಮಾರಿಗೂ ಇಂತಹ ಪರೀಕ್ಷೆಗಳ ಫಲಿತಾಂಶ ಬಹಳವಾಗಿ ಏರುತ್ತ ಬಂದಿದೆಯೆಂದೂ, ಆಕೃತಿಗಳ ಪರೀಕ್ಷೆಯಲ್ಲಿ ಈ ಏರಿಕೆ ವಿಶೇಷವೆಂದೂ ಸಾಧಿಸಿದರು. ಒಂದು ತಲೆಮಾರಿನಲ್ಲಿ ಹುಟ್ಟುಬುದ್ಧಿ ಅಷ್ಟು ಬದಲಾಗಲಾರದು. ಬದಲಾದುದು ಬಾಳು, ಬಳಕೆ, ಶಿಕ್ಷಣ. ಮತ್ತೆ 2013ರಲ್ಲಿ ಉಟ್ಟಲ್ ಮತ್ತು ಸಂಗಡಿಗರು 217 ಅಧ್ಯಯನಗಳನ್ನು ಒಟ್ಟುಗೂಡಿಸಿ, ಆಕಾರಗಳನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಶಕ್ತಿ ಅಭ್ಯಾಸದಿಂದ ಬೆಳೆಯುತ್ತದೆಂದು ತೋರಿಸಿಕೊಟ್ಟರು. ಇದು ನಮಗೆ ಭರವಸೆಯ ಮಾತೂ ಹೌದು, ಎಚ್ಚರಿಕೆಯ ಮಾತೂ ಹೌದು. ಅಭ್ಯಾಸ ದೊರೆತ ಮಗು ಮುಂದೆ ಹೋಗುತ್ತದೆ. ದೊರೆಯದ ಮಗುವನ್ನು ನಾವು ದಡ್ಡನೆಂದು ಕರೆದುಬಿಡುತ್ತೇವೆ.

ನಮ್ಮ ನೆಲದ ಮಕ್ಕಳಿಗೆ ಈ ಅಭ್ಯಾಸ ಇಲ್ಲವೆ? ಇದೆ, ಬೇರೆ ಹೆಸರಿನಲ್ಲಿದೆ. ಕಾಯಕವನ್ನು ಪೂಜೆಯೆಂದು ತಿಳಿದ ಶರಣಪರಂಪರೆಯನ್ನು ನೆನೆಯಿರಿ. ಮೇದಾರ ಕೇತಯ್ಯನವರು ಬಿದಿರಿನ ಸೀಳುಗಳಿಂದ ಬುಟ್ಟಿ ಮೊರ ಹೆಣೆದವರು. ನುಲಿಯ ಚಂದಯ್ಯನವರು ಹುಲ್ಲಿನಿಂದ ಹಗ್ಗ ಹೊಸೆದವರು. ಮಡಿವಾಳ ಮಾಚಯ್ಯನವರು ಶರಣರ ಬಟ್ಟೆಗಳನ್ನು ಮಡಿ ಮಾಡಿದವರು. ಚಪ್ಪಟೆಯಾದ ಸೀಳೊಂದು ಎಲ್ಲಿ ಬಾಗಿದರೆ ಬುಟ್ಟಿಯ ಬದಿಯಾಗುತ್ತದೆಂಬುದನ್ನು ಕೈ ಮೊದಲೇ ಕಾಣದಿದ್ದರೆ ಬುಟ್ಟಿ ಆಗುವುದೆಂತು? ಪೆಟ್ಟಿಗೆಯ ಆರು ಮುಖಗಳ ಪ್ರಶ್ನೆಗೂ ಇದಕ್ಕೂ ಇರುವ ಅಂತರ ಕಾಗದದ್ದು ಮಾತ್ರ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಬಳ್ಳಾರಿಯ ಮಗ್ಗುಲಲ್ಲಿಯೇ ಸಂಗನಕಲ್ಲಿನ ಗುಡ್ಡವಿದೆ. ನವಶಿಲಾಯುಗದ ಜನ ಅಲ್ಲಿ ಕಪ್ಪು ಕಲ್ಲನ್ನು ಒಡೆದು ಕೊಡಲಿಗಳನ್ನು ಹೇರಳವಾಗಿ ಮಾಡುತ್ತಿದ್ದರು. ಕಲ್ಲಿನ ಯಾವ ಮೂಲೆಗೆ ಪೆಟ್ಟು ಬಿದ್ದರೆ ಯಾವ ಚಕ್ಕೆ ಏಳುತ್ತದೆಂಬುದನ್ನು ಪೆಟ್ಟಿಗೆ ಮೊದಲೇ ಕಂಡವರು ಅವರು.

ಇಂದಿನ ಬಳ್ಳಾರಿಯೂ ಈ ವಿದ್ಯೆಯ ಊರೇ. ಜೀನ್ಸ್ ಉಡುಪಿನ ತಯಾರಿಕೆಗೆ ಹೆಸರಾದ ಈ ನಗರದ ಓಣಿಗಳಲ್ಲಿ ಹೊಲಿಗೆಯ ಯಂತ್ರದ ಸದ್ದು ಕೇಳದ ದಿನವಿಲ್ಲ. ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಮ್ಮೆಗೇ ಕತ್ತರಿಸುತ್ತಾರೆ. ಎರಡು ಪದರಗಳನ್ನು ಮುಖಕ್ಕೆ ಮುಖ ಮಾಡಿ ಹಾಸಿದ್ದರೆ ಒಂದೇ ಕತ್ತರಿಗೆ ಎಡಗಾಲಿನದೊಂದು ಬಲಗಾಲಿನದೊಂದು ತುಂಡು ದೊರೆಯುತ್ತದೆ. ಎರಡೂ ಒಂದೇ ಕಡೆಗೆ ಮುಖ ಮಾಡಿದ್ದರೆ ಎರಡೂ ಒಂದೇ ಕಾಲಿನವಾಗುತ್ತವೆ. ಮಡಿಸಿದ ಕಾಗದ, ಕನ್ನಡಿಯ ಬಿಂಬ ಎರಡೂ ಇಲ್ಲಿ ಒಂದೇ ಕೆಲಸದಲ್ಲಿ ಅಡಗಿವೆ.

ಈ ಮಾತನ್ನು ನನಗೆ ಕಲಿಸಿದವಳು ಒಬ್ಬ ಹತ್ತು ವರುಷದ ಹುಡುಗಿ. ಅವಳ ತಾಯಿ ಮನೆಯಲ್ಲಿಯೇ ಜೀನ್ಸ್ ಹೊಲಿಯುವವರು. ಒಂದು ಭಾನುವಾರ ನಾಲ್ಕು ಆಕೃತಿಗಳಲ್ಲಿ ಗುಂಪಿಗೆ ಸೇರದುದನ್ನು ಹುಡುಕುವ ಪ್ರಶ್ನೆಯಿತ್ತು. ಮೂರು ಆಕೃತಿಗಳು ಒಂದನ್ನೊಂದು ತಿರುಗಿಸಿದರೆ ಕೂಡುವಂಥವು, ಒಂದು ಮಗುಚಿದುದು. ಉಳಿದ ಮಕ್ಕಳು ತಲೆ ಓರೆ ಮಾಡಿ, ಪುಸ್ತಕ ತಿರುಗಿಸಿ ನೋಡುತ್ತಿದ್ದಾಗ ಅವಳು ಕ್ಷಣದಲ್ಲಿ ಮೂರನೆಯದರ ಮೇಲೆ ಬೆರಳಿಟ್ಟಳು. "ಯಾಕವ್ವ ಅದು?" ಎಂದೆ. "ಸರ್, ಅವು ಮೂರೂ ಎಡಗಾಲಿನ ತುಂಡು ರೀ, ಇದೊಂದು ಬಲಗಾಲಿಂದು. ಎಷ್ಟು ತಿರುವಿದ್ರೂ ಕೂಡಂಗಿಲ್ಲ" ಎಂದಳು. ತಿರುಗುವುದಕ್ಕೂ ಮಗುಚುವುದಕ್ಕೂ ಇರುವ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಪುಸ್ತಕವನ್ನು ನಾನು ಓದಿಲ್ಲ. ಅಂದಿನಿಂದ ನಮ್ಮ ತರಗತಿಯಲ್ಲಿ ಎಲ್ಲ ಮಕ್ಕಳೂ "ಎಡಗಾಲೋ ಬಲಗಾಲೋ" ಎಂದೇ ಕೇಳಿಕೊಂಡು ಉತ್ತರ ತೊಡೆಯುತ್ತಾರೆ.

ಅದೇ ತರಗತಿಗೆ ಸಿರುಗುಪ್ಪದ ಕಡೆಯಿಂದ ಬಂದು ನೆಂಟರ ಮನೆಯಲ್ಲಿದ್ದ ಹುಡುಗನೊಬ್ಬ ಬರುತ್ತಿದ್ದ. ಕಾಲುವೆಯ ಯಾವ ತೂಬಿನ ನೀರು ಯಾವ ಗದ್ದೆಗಳನ್ನು ದಾಟಿ ತಮ್ಮ ಹೊಲಕ್ಕೆ ಬರುತ್ತದೆಂಬುದನ್ನು ನೆಲದ ಮೇಲೆ ಗೆರೆ ಎಳೆದು ತೋರಿಸಬಲ್ಲವನು. ದೊಡ್ಡ ಆಕೃತಿಯಲ್ಲಿ ಅಡಗಿದ ಸಣ್ಣ ಆಕೃತಿಯನ್ನು ಹುಡುಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕುರುಗೋಡಿನ ಹುಡುಗನೊಬ್ಬ ದೊಡ್ಡಬಸವೇಶ್ವರನ ತೇರಿನ ಗಾಲಿಗೆ ಅಡ್ಡಮರ ಕೊಟ್ಟು ದಾರಿ ತಿದ್ದುವವರನ್ನು ಹತ್ತಿರದಿಂದ ನೋಡಿದವನು. ಎಡದ ಗಾಲಿಗೆ ತಡೆಯಿತ್ತರೆ ತೇರು ಯಾವ ಕಡೆಗೆ ಹೊರಳುತ್ತದೆಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದ. ಇವರಾರಿಗೂ ತಮ್ಮಲ್ಲಿ ಇಂತಹ ವಿದ್ಯೆಯಿದೆಯೆಂದು ಮೊದಲು ಗೊತ್ತಿರಲಿಲ್ಲ. ಅದನ್ನು ಅವರಿಗೆ ತೋರಿಸಿಕೊಡುವುದೇ ನಮ್ಮ ತಯಾರಿಯ ಮೊದಲ ಪಾಠ. ಸುಲಭವಾಗಿ ದೊರೆಯುವ ಹಳೆಯ ಕಾಗದ, ಕೆರೆಯ ಜೇಡಿಮಣ್ಣಿನ ಘನ, ಒಂದು ಸಣ್ಣ ಕನ್ನಡಿ - ಇಷ್ಟೇ ಸಾಮಗ್ರಿ. ಪುಸ್ತಕ ತೆರೆಯುವುದು ಎರಡನೆಯ ತಿಂಗಳಿನಲ್ಲಿ.

ಆ ವರುಷ ಫಲಿತಾಂಶ ಬಂದಾಗ ಸಿರುಗುಪ್ಪದ ಹುಡುಗ ಆಯ್ಕೆಯಾಗಿದ್ದ. ಬಳ್ಳಾರಿಯ ಹುಡುಗಿ ಆಗಿರಲಿಲ್ಲ. ನಗರದ ಮಕ್ಕಳಿಗಿರುವ ಸ್ಥಾನಗಳೇ ಕೆಲವು. ಕೆಲವು ದಿನಗಳ ಮೇಲೆ ಅವಳ ತಾಯಿ ಬಂದು ಬಾಗಿಲ ಬಳಿ ನಿಂತು, "ಸರ್, ಹಂಗಾದ್ರ ನಮ್ಮ ಹುಡುಗಿಗೆ ಬುದ್ಧಿ ಕಮ್ಮಿ ಅಂತ ಆತೇನ್ರಿ?" ಎಂದು ಕೇಳಿದರು. ಮಗಳು ಅವರ ಸೆರಗಿನ ಹಿಂದೆ ನಿಂತು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಆ ತಾಯಿಗೆ ಹೇಳಿದುದನ್ನೇ ತಮಗೂ ಹೇಳುತ್ತೇನೆ: "ಇಲ್ಲ ತಾಯಿ. ಕುರ್ಚಿ ಎಂಬತ್ತು, ಕೂಡಬಲ್ಲವರು ಅದಕ್ಕಿಂತ ಬಹಳ ಹೆಚ್ಚು. ಕುರ್ಚಿ ತೀರಿದ್ದಕ್ಕೆ ನಿಂತವರ ಬುದ್ಧಿ ತೀರಿತೆಂದು ಅರ್ಥವಲ್ಲ." ಮಗಳ ಕಡೆ ತಿರುಗಿ, "ಮುಂದಿನ ಭಾನುವಾರ ಬರ್ತೀಯಲ್ಲವ್ವ? ಘನದ ಲೆಕ್ಕ ಹೇಳಿಕೊಡಾಕ ನೀನು ಬೇಕು" ಎಂದೆ. ಅವಳು ಬಂದಳು. ಎಂಟನೆಯ ತರಗತಿಯಲ್ಲಿ ಬರೆಯಬಹುದಾದ ರಾಷ್ಟ್ರೀಯ ವಿದ್ಯಾರ್ಥಿವೇತನದ ಪರೀಕ್ಷೆಯಿದೆ; ಅದರಲ್ಲಿಯೂ ಮಾನಸಿಕ ಸಾಮರ್ಥ್ಯದ 90 ಪ್ರಶ್ನೆಗಳಿವೆ. ಸರ್ಕಾರಿ ಶಾಲೆಯಲ್ಲಿ ಓದುತ್ತಿರುವ ಅವಳಿಗೆ ಆ ದಾರಿ ತೆರೆದಿದೆ. ಆದರೆ ಅವಳು ಈಗ ಬರುವುದು ಅದಕ್ಕಾಗಿ ಮಾತ್ರವಲ್ಲ. ಚಿಕ್ಕ ಮಕ್ಕಳ ನಡುವೆ ಕುಳಿತು ಕಾಗದ ಮಡಿಸುವುದನ್ನು ಕಲಿಸಲು.

ಬಳ್ಳಾರಿಯ ಕೋಟೆಯ ಬಗ್ಗೆ ಜನ ಹೇಳುವ ಕಥೆಯೊಂದುಂಟು. ಹೈದರಾಲಿಗಾಗಿ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರನು ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವೆಂಬುದನ್ನು ಗಮನಿಸಲಿಲ್ಲವೆಂದೂ, ಅದಕ್ಕಾಗಿ ಅವನನ್ನು ಗಲ್ಲಿಗೇರಿಸಲಾಯಿತೆಂದೂ ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಅದರ ತಿರುಳು ನಮಗೆ ಬೇಕಾದುದು. ತಾನು ನಿಂತ ಗುಡ್ಡದಿಂದಷ್ಟೇ ಅಳೆಯುವವನಿಗೆ ಎದುರಿನ ಎತ್ತರ ಕಾಣುವುದಿಲ್ಲ. ಪರೀಕ್ಷೆಯೂ ಒಂದು ಗುಡ್ಡ. ಅಲ್ಲಿಂದ ಕಾಣುವುದು ಕಾಣುತ್ತದೆ, ಕಾಣದುದು ಇಲ್ಲವೆಂದಲ್ಲ.

ವಾಚಕರಲ್ಲಿ ತಂದೆ ತಾಯಿಗಳಿದ್ದೀರಿ, ಅಜ್ಜ ಅಜ್ಜಿಯರಿದ್ದೀರಿ, ಪಾಠ ಹೇಳುವವರಿದ್ದೀರಿ. ತಮ್ಮಲ್ಲಿ ನನ್ನ ಬಿನ್ನಹ ಇಷ್ಟು. ಮಕ್ಕಳಿಗೆ ಉತ್ತರಗಳನ್ನು ತೊಡೆಯುವುದನ್ನು ಅವಶ್ಯವಾಗಿ ಕಲಿಸಿರಿ. ಅದು ಪಾಪವೂ ಅಲ್ಲ, ಮೋಸವೂ ಅಲ್ಲ. ಸಂಶಯಗಳನ್ನು ಒಂದೊಂದಾಗಿ ಕಳೆದು ನಿಶ್ಚಯಕ್ಕೆ ಬರುವುದು ನಮ್ಮ ಹಿರಿಯರು ನಡೆದ ದಾರಿಯೇ. ಆದರೆ ಪ್ರತಿಯೊಂದು "ಅಲ್ಲ"ಕ್ಕೂ ಕಾರಣ ಕೇಳಿರಿ. ಕಾರಣ ಹೇಳಲಾಗದಿದ್ದರೆ ಕಾಗದ ಕೊಟ್ಟು ಮಡಿಸಲು ಹೇಳಿರಿ. ಕೊನೆಗೆ ಎರಡು ಉತ್ತರ ಉಳಿದಾಗ, ಅಲ್ಲಿಂದ ಮುಂದೆ ತಾನೇ ಕಾಣಬೇಕೆಂಬ ಧೈರ್ಯವನ್ನು ತುಂಬಿರಿ.

ಮತ್ತು ಒಂದು ಮಾತನ್ನು ಮರೆಯದಿರಿ. ತೊಡೆಯುವ ವಿಧಾನ ಉತ್ತರಗಳಿಗೆ ಹೇಳಿದುದು, ಮಕ್ಕಳಿಗಲ್ಲ. ನಾಲ್ಕು ಚಿತ್ರಗಳಲ್ಲಿ ಮೂರು ಸುಳ್ಳಾಗಿರಲೇಬೇಕು. ನಾಲ್ಕು ಮಕ್ಕಳಲ್ಲಿ ಒಬ್ಬರೂ ಸುಳ್ಳಲ್ಲ. ಶರಣರು ಮನುಷ್ಯನನ್ನು ಇವನಾರವನೆಂದು ಬದಿಗೆ ಸರಿಸಿದವರಲ್ಲ, ತಮ್ಮವನೆಂದು ಒಳಗೆ ಕರೆದವರು. ಆ ಪರಂಪರೆಯ ಮನೆಗಳಲ್ಲಿ ಆಯ್ಕೆಯ ಪಟ್ಟಿಯಲ್ಲಿ ಹೆಸರಿಲ್ಲದ ಮಗುವಿಗೂ ಅಂದಿನ ಊಟ ಅದೇ ಪ್ರೀತಿಯಿಂದ ಬಡಿಸಲ್ಪಡಲಿ.